ಕಾಯುವವರ ಕೈಗೆ ಇಡೀ ಸತ್ಯವೇದ: ಬೈಬಲ್ ಸೊಸೈಟಿಯ ಕನ್ನಡ ಆವೃತ್ತಿ

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ನಮ್ಮ ಅನೇಕ ಕ್ರೈಸ್ತ ಸಭೆಗಳು ಬೈಬಲಿನ ಒಂದೊಂದು ವಚನ ಅಚ್ಚಾದ ವಾಗ್ದಾನದ ಕಾರ್ಡುಗಳನ್ನು ಹಂಚುತ್ತವೆ. ಕೆಲಸಕ್ಕೋ ಮದುವೆಗೋ ಮಗುವಿಗೋ ಕಾಯಿಲೆ ವಾಸಿಯಾಗುವುದಕ್ಕೋ ಬಹುಕಾಲದಿಂದ ಪ್ರಾರ್ಥಿಸುತ್ತಿರುವವರು ಅದರಲ್ಲಿನ ಒಂದೇ ವಚನವನ್ನು ವರ್ಷವಿಡೀ ಹಿಡಿದುಕೊಂಡಿರುತ್ತಾರೆ. ಅಂಥವರಿಗೆ ಏನಾದರೂ ಕೊಡಬೇಕೆನ್ನುವವರು ಇನ್ನೊಂದು ವಚನದ ಕ್ಯಾಲೆಂಡರನ್ನು ಬಿಟ್ಟು, ಬೈಬಲ್ ಸೊಸೈಟಿ ಆಫ್ ಇಂಡಿಯಾ ಪ್ರಕಟಿಸಿರುವ ಸಂಪೂರ್ಣ ಕನ್ನಡ ಸತ್ಯವೇದವನ್ನೇ ಕೊಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಕಾರ್ಡುಗಳ ಅಚ್ಚುಮೆಚ್ಚಿನ ವಚನವೆಂದರೆ ಯೆರೆಮೀಯ 29:11, ಅಂದರೆ ಪ್ರವಾದಿ ಯೆರೆಮೀಯನ ಪುಸ್ತಕದ 29ನೆಯ ಅಧ್ಯಾಯದ 11ನೆಯ ವಚನ. ಸೆರೆಯಲ್ಲಿದ್ದ ಯೆಹೂದ್ಯರಿಗೆ ಅವನು ಬರೆದ ಪತ್ರದ ಮಾತು ಅದು. ದೇವರ ಆಲೋಚನೆಗಳು ಕೇಡಿನವಲ್ಲ, ಹಿತದವು, ಮುಂದಿನ ಕಾಲಕ್ಕೆ ನಿರೀಕ್ಷೆ ಕೊಡುವಂಥವು ಎಂಬುದು ಅದರ ತಾತ್ಪರ್ಯ. ಪುಸ್ತಕ ಕೈಯಲ್ಲಿದ್ದರೆ ಕಣ್ಣು ತಾನಾಗಿ ಒಂದು ವಚನ ಮೇಲಕ್ಕೆ ಹೋಗುತ್ತದೆ, ಅಲ್ಲಿ ಬಿಡುಗಡೆಗೆ ಎಪ್ಪತ್ತು ವರ್ಷವೆಂಬ ಗಡುವು ಕಾಣುತ್ತದೆ. ಇನ್ನೂ ಮೇಲೆ, ಸೆರೆಯಾಗಿ ಬಾಬೆಲಿಗೆ (ಬ್ಯಾಬಿಲೋನಿಗೆ) ಹೋದ ಜನರು ಅಲ್ಲೇ ಮನೆ ಕಟ್ಟಿ ವಾಸಿಸಬೇಕು, ತೋಟ ಮಾಡಿ ಅದರ ಫಲವನ್ನು ಉಣ್ಣಬೇಕು, ಮಕ್ಕಳಿಗೆ ಮದುವೆ ಮಾಡಬೇಕು ಎಂಬ ಅಪ್ಪಣೆಯಿದೆ. ಅಂದರೆ, ಬಿಡುಗಡೆಯಾಗುವ ತನಕ ಬದುಕನ್ನು ನಿಲ್ಲಿಸಿಕೊಂಡು ಕುಳಿತಿರಬೇಕೆಂದು ಆ ಪತ್ರ ಹೇಳುವುದಿಲ್ಲ. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬವನು ಎರಡೇ ವರ್ಷದೊಳಗೆ ಎಲ್ಲವೂ ಸರಿಹೋಗುವುದೆಂದು ಜನರೆದುರಿಗೆ ಸಾರುತ್ತಾನೆ, ಯೆರೆಮೀಯನು ಅವನನ್ನು ಸುಳ್ಳುಪ್ರವಾದಿಯೆಂದು ಬಯಲಿಗೆಳೆಯುತ್ತಾನೆ. (ಈ ತಿಂಗಳಲ್ಲೇ ಬಾಗಿಲು ತೆರೆಯುತ್ತದೆ ಎಂದು ವೇದಿಕೆಯಿಂದ ಘೋಷಿಸುವವರು ಈ ಅಧ್ಯಾಯದ ಮೇಲೆ ಪ್ರಸಂಗ ಮಾಡಿದ್ದನ್ನು ನಾನು ಕೇಳಿಲ್ಲ.)

ಬೈಬಲಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳ ವಿಷಯವೂ ಹೀಗೆಯೇ. 13ನೆಯ ಕೀರ್ತನೆ ಸ್ತುತಿಯಲ್ಲಿ ಮುಗಿಯುತ್ತದೆ, ನಿಜ. ಆದರೆ ಎಷ್ಟು ಕಾಲ ಎಂದು ನಾಲ್ಕು ಸಲ ಕೇಳಿದ ಮೇಲೆ. 88ನೆಯದಂತೂ ಕತ್ತಲಲ್ಲೇ ಮುಗಿದುಹೋಗುತ್ತದೆ, ಅದರ ಕೊನೆಯ ಸಾಲು ಯಾವ ಕಾರ್ಡಿನಲ್ಲೂ ಅಚ್ಚಾಗುವಂಥದ್ದಲ್ಲ. ಉತ್ತರ ಸಿಗದೆ ದಣಿದವರ ದೂರು ಕೂಡ ಪ್ರಾರ್ಥನೆಯೆಂದೇ ಶಾಸ್ತ್ರದೊಳಗೆ ಸೇರಿಕೊಂಡಿದೆ ಎಂಬುದು ಇಂಥ ಪುಟಗಳಿಂದ ತಿಳಿಯುವಷ್ಟು ಬೇರೆ ಯಾವುದರಿಂದಲೂ ತಿಳಿಯದು.

ಪುಸ್ತಕದ ರೂಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಾಗದ ತೆಳುವು, ಸಾಮಾನ್ಯ ಪ್ರತಿಯ ಅಕ್ಷರ ವಯಸ್ಸಾದವರಿಗೆ ಚಿಕ್ಕದು. ಜೆ.ವಿ. ಎಂದು ಕರೆಯುವ ಹಳೆಯ ಅನುವಾದ ಪಾಠದ ಭಾಷೆ ಇಂದಿನ ಹುಡುಗರಿಗೆ ಬಿಗಿಯೆನಿಸಬಹುದಾದರೂ ಗಟ್ಟಿಯಾಗಿ ಓದುವಾಗ ಅದರ ಗಾಂಭೀರ್ಯ ಮನಸ್ಸನ್ನು ನಿಲ್ಲಿಸುತ್ತದೆ. ಸರಳ ಓದು ಬೇಕೆನ್ನುವವರಿಗೆ ಸಿ.ಎಲ್. (ಕಾಮನ್ ಲ್ಯಾಂಗ್ವೇಜ್, ಅಂದರೆ ಸಾಮಾನ್ಯ ಭಾಷೆಯ) ಪಾಠವಿದೆ. ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಆರಂಭಿಸಿದ ಕನ್ನಡ ಅನುವಾದ ಸಂಪೂರ್ಣವಾಗಿ ಹೊರಬರಲು 1831ರ ತನಕ ಕಾಯಬೇಕಾಯಿತೆಂಬುದನ್ನೂ ಇಲ್ಲಿ ನೆನೆಯಬಹುದು.

ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ರಾತ್ರಿ ಕಳೆಯುವವರಿಗೆ ದಪ್ಪ ಪುಸ್ತಕಕ್ಕಿಂತ ಫೋನು ಅನುಕೂಲ; ಯೂವರ್ಷನ್ ಎಂಬ ಬೈಬಲ್ ಆ್ಯಪ್‌ನಲ್ಲಿ ಈ ಎರಡೂ ಪಾಠಗಳನ್ನು ಉಚಿತವಾಗಿ ಓದಬಹುದು. ಆದರೆ ದಿನದ ವಚನ ತೆರೆ ಮೇಲೆ ಬಂದಾಗ ಅಷ್ಟಕ್ಕೇ ನಿಲ್ಲದೆ ಅಧ್ಯಾಯವನ್ನು ಪೂರ್ತಿ ತೆರೆದು ಓದಬೇಕು. ಪುಸ್ತಕವನ್ನೇ ಉಡುಗೊರೆ ಕೊಡುವವರಿಗೆ ನನ್ನದೊಂದು ಸಲಹೆ: ಗುರುತಿನ ದಾರವನ್ನು ಯೆರೆಮೀಯ 29ರಲ್ಲಿಡದೆ 28ರ ಮೊದಲಲ್ಲೇ ಇಟ್ಟು ಕೊಡಿ.