ಸ್ಲೈಡ್ ಶೀಟ್: ನನ್ನ ಸೊಂಟಕ್ಕೆ ಅಂತ ತಗೊಂಡ ಮೊದಲ ವಸ್ತು

ಅಪ್ಪಂಗೆ ಸ್ಟ್ರೋಕ್ ಆಗಿ ಎರಡು ವರ್ಷ ಆಯ್ತು, ಎಡಗಡೆ ಕೈಕಾಲು ಸ್ವಾಧೀನ ಇಲ್ಲ, ನೋಡ್ಕೊಳ್ಳೋದು ನಾನೊಬ್ಳೇ. ಏರ್ ಬೆಡ್, ವೀಲ್‌ಚೇರ್, ಕಮೋಡ್ ಚೇರ್ ಎಲ್ಲಾ ಬಂತು, ಎಲ್ಲಾ ಅವರಿಗೆ. ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು, ಮಧ್ಯೆ ಅವರು ಕೆಳಗೆ ಜಾರ್ತಾನೇ ಇರ್ತಾರೆ, ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆದೂ ಎಳೆದೂ ಒಂದಿನ ಬೆಳಗ್ಗೆ ನನಗೇ ಹಾಸಿಗೆ ಬಿಟ್ಟು ಏಳಕ್ಕಾಗ್ಲಿಲ್ಲ.

ಫಿಸಿಯೋ ಮೇಡಂ ಬೈದ್ರು. ಹಂಗೆ ಎಳೆದ್ರೆ ಅವರ ಭುಜಾನೂ ಹಾಳು, ನಿನ್ನ ಸೊಂಟಾನೂ ಹಾಳು ಅಂದ್ರು. ಕೆಲಸ ಮಾಡೋರ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ನಿಯೋಶ್ ಸಂಸ್ಥೆ ಪ್ರಕಾರ ರೋಗಿನ ಕೈಯಲ್ಲೇ ಎತ್ತೋದಾದ್ರೆ ಒಬ್ಬರಿಗೆ ಮಿತಿ ಸುಮಾರು 16 ಕೆಜಿ ಅಂತೆ, ನಮ್ಮಪ್ಪ 70 ಕೆಜಿ ಇದಾರೆ!

ಮಲಗಿದವರನ್ನ ಎತ್ತದೇ ಹಾಸಿಗೆ ಮೇಲೇ ಜಾರಿಸೋಕೆ ಅಂತ ಮೇಡಂ ಹೇಳಿದ್ದು ಈ ಸ್ಲೈಡ್ ಶೀಟ್. ನೋಡಕ್ಕೆ ಏನೂ ಅಲ್ಲ, ತೆಳ್ಳಗಿನ ನೈಲಾನ್ ಬಟ್ಟೆ, ದಿಂಬಿನ ಕವರ್‌ಗೆ ಎರಡೂ ಕಡೆ ಬಾಯಿ ಬಿಟ್ಟಂಗೆ ಹೊಲಿದಿರ್ತಾರೆ, ಒಳಗಿನ ಎರಡು ಪದರ ಒಂದರ ಮೇಲೊಂದು ಜಾರುತ್ತೆ ಅಷ್ಟೇ. ಅಪ್ಪನ್ನ ಒಂದು ಮಗ್ಗುಲಿಗೆ ತಿರುಗಿಸಿ ಅರ್ಧ ಮಡಚಿ ಬೆನ್ನ ಕೆಳಗೆ ತೂರ್ಸಿ, ಆಮೇಲೆ ಆ ಕಡೆಯಿಂದ ಬಿಡಿಸ್ಕೊಳ್ಳೋದು. ತಲೆ ಕಡೆ ಮಂಚ ಎತ್ತರ ಇದ್ರೆ ಮೊದ್ಲು ಇಳಿಸ್ಬೇಕು, ಇಲ್ಲಾಂದ್ರೆ ಜಾರಲ್ಲ. ಬಲಗಾಲು ಮಡಚಿ ಹಿಮ್ಮಡಿ ಊರಿ ಒತ್ತಿದ್ರೆ ಅರ್ಧ ಕೆಲಸ ಅಪ್ಪಂದೇ, ಆದ್ರೆ ಪಾದ ಮಾತ್ರ ಶೀಟ್‌ನಿಂದ ಹೊರಗಿರ್ಬೇಕು. ನಾನು ಶೀಟ್‌ನ ಮೇಲಿನ ಪದರ ಹಿಡಿದು ಒಂದು ಕಾಲು ಮುಂದಿಟ್ಟು ಮೊಣಕಾಲು ಬಗ್ಗಿಸಿ ಮೈಭಾರ ಹಿಂದಕ್ಕೆ ಹಾಕ್ತೀನಿ, ಕೈಯಿಂದ ಎಳೆಯೋದೇ ಇಲ್ಲ. ಮೊದಲ ಸಲ ಅಪ್ಪ ಸರ್‍ರಂತ ಮೇಲಕ್ಕೆ ಹೋದಾಗ ನನಗೆ ಅಳು ಬಂತು.

ಚರ್ಮ ಉಜ್ಜಲ್ಲ, ಸೊಂಟದ ಹಿಂದೆ ಕೆಂಪಾಗ್ತಿದ್ದಿದ್ದೂ ಈಗ ಕಮ್ಮಿ.

ತೊಂದ್ರೆ ಇಲ್ಲ ಅಂತಲ್ಲ. ಕೆಲಸ ಮುಗಿದ ತಕ್ಷಣ ತೆಗೀಲೇಬೇಕು, ಬಿಟ್ರೆ ಮನುಷ್ಯ ಮಂಚದಿಂದ ಜಾರಿ ಬೀಳ್ಬಹುದು. ತೆಗೆಯೋವಾಗ ಕೆಳಗಿನ ಪದರ ಹಿಡಿದು ಎಳೀರಿ, ಮೇಲಿಂದು ಎಳೆದ್ರೆ ಚರ್ಮ ಎಳೆದಂಗಾಗುತ್ತೆ. ಇದನ್ನ ಹಿಡ್ಕೊಂಡು ಎತ್ತೋಕೆ ಮಾತ್ರ ಹೋಗ್ಬೇಡಿ, ಅದಕ್ಕಲ್ಲ ಇದು. ನನಗೆ ಬಂದ ಪ್ಯಾಕೆಟ್‌ನಲ್ಲಿ ಹೆಂಗೆ ಬಳಸ್ಬೇಕು ಅಂತ ಒಂದು ಚೀಟೀನೂ ಇರ್ಲಿಲ್ಲ, ಇದು ನಿಜಕ್ಕೂ ತಪ್ಪು, ಹೊಸಬರು ಏನ್ಮಾಡ್ಬೇಕು? ಒಂದ್ಸಲ ಫಿಸಿಯೋ ಅಥವಾ ನರ್ಸ್ ಮುಂದೆ ನಿಂತು ಮಾಡಿ ಕಲೀರಿ.

ತಗೊಳ್ಳೋದಾದ್ರೆ ಭುಜದಿಂದ ತೊಡೆವರೆಗೂ ಬರೋ ಸೈಜೇ ತಗೊಳ್ಳಿ, ಸಾಧ್ಯ ಆದ್ರೆ ಎರಡು ತಗೊಳ್ಳಿ, ಒಂದು ಒಗೆಯಕ್ಕೆ ಹೋದಾಗ ಮತ್ತೆ ಕಂಕುಳಿಗೆ ಕೈ ಹಾಕೋ ಹಂಗಾಗ್ಬಾರ್ದು.