ಟೇಪಿನ ಅಂಟು ಬಿಡಿಸಲು ನನ್ನ ಓಟು ಕೊಬ್ಬರಿ ಎಣ್ಣೆಗೆ

ಬಾಡಿಗೆ ಮನೆ ಖಾಲಿ ಮಾಡುವಾಗ ಕಣ್ಣಿಗೆ ಬಿದ್ದದ್ದು ಟೇಪುಗಳು. ಮಗಳ ಮೂರು ಹುಟ್ಟುಹಬ್ಬದ ಬಲೂನು, ಬಣ್ಣದ ಕಾಗದ ಎಲ್ಲ ಅಂಟಿಸಿದ್ದು ನಾನೇ. ಬೀರುವಿನ ಸನ್‌ಮೈಕಾ ಬಾಗಿಲು, ಕಿಟಕಿ ಗಾಜು, ಗೋಡೆ, ಯಾವುದನ್ನೂ ಬಿಟ್ಟಿರಲಿಲ್ಲ. ಬೆಂಗಳೂರಿನಲ್ಲಿ ಅಡ್ವಾನ್ಸ್‌ನಿಂದ ಪೇಂಟಿಂಗ್ ದುಡ್ಡು ಹೇಗೂ ಮುರಿಯುತ್ತಾರೆ. ಬಾಗಿಲಿನ ಲೆಕ್ಕವೂ ಸೇರಿದರೆ ಕಷ್ಟ ಅಲ್ವಾ?

ಮೊದಲು ಅಂಗಡಿಯಿಂದ ನೈಲ್ ಪಾಲಿಶ್ ರಿಮೂವರ್ ತಂದೆ. ಕಿಟಕಿ ಗಾಜಿನ ಅಂಟು ಎರಡೇ ನಿಮಿಷದಲ್ಲಿ ಹೋಯಿತು. ಅದೇ ಹುಮ್ಮಸ್ಸಿನಲ್ಲಿ ಫ್ರಿಜ್‌ನ ತರಕಾರಿ ಟ್ರೇಗೂ ಉಜ್ಜಿದೆ. ಕಂಪನಿಯಿಂದ ಬಂದಾಗಿನ ಟೇಪು ಅದರ ಮೇಲೆ ಹಾಗೇ ಒಣಗಿತ್ತು. ಅಂಟಿನ ಜೊತೆ ಟ್ರೇ ಕೂಡ ಕರಗಿತು! ಹೊಳಪು ಹೋಗಿ ಬಿಳಿಚಿಕೊಂಡು, ಹತ್ತಿಯ ಎಳೆಗಳು ಅದಕ್ಕೇ ಮೆತ್ತಿಕೊಂಡವು. ರಿಮೂವರ್‌ನಲ್ಲಿದ್ದ ಅಸಿಟೋನ್‌ಗೆ ಅಂಟು ಯಾವುದು, ಪ್ಲಾಸ್ಟಿಕ್ ಯಾವುದು ಅಂತ ಭೇದವಿಲ್ಲ.

ಸ್ಯಾನಿಟೈಸರ್ ಗಾಜಿಗೆ, ಸ್ಟೀಲಿಗೆ ಪರವಾಗಿಲ್ಲ, ಆದರೆ ಅಂಟು ನೆನೆಯುವ ಮೊದಲೇ ಆರಿಹೋಗುತ್ತದೆ. ಸೀಮೆಎಣ್ಣೆ ಕೆಲಸ ಮಾಡುತ್ತದೆ, ಆದರೆ ಆ ವಾಸನೆ, ಬೆಂಕಿಯ ಭಯ, ನನಗೆ ಬೇಡ.

ಇನ್ನು ಕೊಬ್ಬರಿ ಎಣ್ಣೆ. ಇದರಲ್ಲೂ ಒಂದು ತಕರಾರು ಇದೆ, ಅದನ್ನು ಯಾರೂ ಹೇಳುವುದಿಲ್ಲ. ಮೊದಲ ದಿನ ಬೀರುವಿನ ಟೇಪಿನ ಮೇಲೆ ಧಾರಾಳವಾಗಿ ಹಚ್ಚಿ ಒಂದು ಗಂಟೆ ಕಾದೆ. ಒರೆಸಿ ನೋಡಿದರೆ ಟೇಪು ಎಣ್ಣೆ ಸ್ನಾನ ಮಾಡಿ ಮಿರಮಿರ ಮಿಂಚುತ್ತಿತ್ತು, ಒಂದು ಕೂದಲೆಳೆಯಷ್ಟೂ ಕದಲಿರಲಿಲ್ಲ. ಬ್ರೌನ್ ಟೇಪಿನ ಮೇಲ್ಪದರ ಪ್ಲಾಸ್ಟಿಕ್. ಎಣ್ಣೆ ಅದನ್ನು ದಾಟಿ ಒಳಗಿನ ಅಂಟಿಗೆ ಹೋಗುವುದೇ ಇಲ್ಲ.

ಉಗುರಲ್ಲಿ ಕೆರೆದರೆ ಹಳೇ ಟೇಪು ಚೂರುಚೂರಾಗಿ ಬರುತ್ತದೆ, ಒಂದು ತುದಿ ಹಿಡಿದರೆ ಇನ್ನೊಂದು ಹರಿಯುತ್ತದೆ. ಅರ್ಧ ಭಾನುವಾರ ಹೀಗೇ ಹೋಯಿತು. ಕೊನೆಗೆ ಹೆಂಡತಿಯ ಹೇರ್ ಡ್ರೈಯರ್ ತಂದು ತುದಿಗೆ ಅರ್ಧ ನಿಮಿಷ ಬಿಸಿ ಗಾಳಿ ಬಿಟ್ಟೆ. ಅಂಟು ಮೆದುವಾಗಿ ತುದಿ ಎದ್ದಿತು. ಅದನ್ನು ಹಿಂದಕ್ಕೆ ಮಡಿಚಿ, ಬಾಗಿಲಿಗೆ ಒರಗಿಸಿದಂತೆ ನಿಧಾನಕ್ಕೆ ಎಳೆದರೆ ಪ್ಲಾಸ್ಟಿಕ್ ಉದ್ದಕ್ಕೆ ಬಂತು. ಉಳಿದ ಅಂಟಿಗೆ ಎಣ್ಣೆ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು, ಹಳೇ ಎಟಿಎಂ ಕಾರ್ಡಿನಿಂದ ಕೆರೆದೆ. ಕೊಳೆಯಂತೆ ಉರುಳಿ ಬಂತು. ಪಾತ್ರೆ ಸೋಪಿನ ನೀರಲ್ಲಿ ಒರೆಸಿದ ಮೇಲೆ ಜಿಡ್ಡೂ ಇಲ್ಲ.

ಅದು ಡಿಸೆಂಬರ್. 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ಲ, ಬಾಟಲಿಯಿಂದ ಕಡ್ಡಿಯಲ್ಲಿ ತೋಡಬೇಕಾಯಿತು. ಆದರೆ ಬಾಗಿಲಿಗೆ ಅದೇ ವಾಸಿ, ಕೆಳಗೆ ಹರಿಯದೆ ಮುಲಾಮಿನಂತೆ ನಿಂತಿತು.

ಗೋಡೆಗೆ ಮಾತ್ರ ಎಣ್ಣೆ ಬೇಡವೇ ಬೇಡ. ಡಿಸ್ಟೆಂಪರ್ ಅದನ್ನು ಕುಡಿದು ಕಲೆ ಕಟ್ಟುತ್ತದೆ. ಅಲ್ಲಿ ಬರೀ ಡ್ರೈಯರ್, ಮತ್ತು ತಾಳ್ಮೆ. ಆದರೂ ನನಗೆ ಒಂದು ಕಡೆ ರೂಪಾಯಿ ನಾಣ್ಯದಷ್ಟು ಬಣ್ಣ ಎದ್ದು ಬಂತು.

ಎಣ್ಣೆ ನಮ್ಮನೆಯಲ್ಲಿ ಸದಾ ಇರುತ್ತದೆ, ಹೊಸ ಖರ್ಚಿಲ್ಲ. ನಾನು ರೇಡಿಯೊ ಕೇಳುತ್ತಾ ನಿಧಾನಕ್ಕೆ ಕೆಲಸ ಮಾಡುವವನು, ಇಪ್ಪತ್ತು ನಿಮಿಷ ಕಾಯುವುದು ಭಾರವಲ್ಲ. ಬರೀ ಗಾಜಾದರೆ, ಅವಸರವಿದ್ದರೆ, ರಿಮೂವರ್ ಸಾಕು. ನನ್ನ ಬಾಟಲಿಯಲ್ಲಿ ಉಳಿದಿದ್ದನ್ನು ಹೆಂಡತಿ ಉಗುರಿಗೇ ಇಟ್ಟುಕೊಂಡಳು.