ಪೈಲಟ್ ಪ್ಯಾರಲಲ್ ಪೆನ್: ಮಡಿಕೇರಿಯ ಎರಡು ಮಳೆಗಾಲಗಳ ನಂತರ

ಕ್ಯಾಲಿಗ್ರಫಿ ಕಲಿಯಲೆಂದು ಪೈಲಟ್ ಪ್ಯಾರಲಲ್ ಪೆನ್ನುಗಳನ್ನು ಕೊಂಡು ಎರಡು ವರ್ಷವಾಯಿತು. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಅರ್ಧ ಗಂಟೆ ಕುಳಿತು, ಒಂದು ಹಾಳೆಯಲ್ಲಿ ಒಂದು ಅಕ್ಷರದ ಕಾಗುಣಿತವನ್ನೋ ನಾಲ್ಕೈದು ಪದಗಳನ್ನೋ ಬರೆಯುವುದು ನಾನು ಹಾಕಿಕೊಂಡ ಕಟ್ಟುಪಾಡು. ರೋಮನ್ ಲಿಪಿಗೆ ಈ ಪೆನ್ ಹೇಗೆಂದು ಬರೆದವರು ಬಹಳ ಮಂದಿಯಿದ್ದಾರೆ; ಕನ್ನಡ ಬರೆಯಲು, ಅದರಲ್ಲೂ ಕೊಡಗಿನ ತೇವದಲ್ಲಿ, ಇದು ಎಷ್ಟರಮಟ್ಟಿಗೆ ಒಗ್ಗುತ್ತದೆ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಇದರಲ್ಲಿ ಸೀಳಿದ ನಿಬ್ ಇಲ್ಲ. ಎರಡು ಚಪ್ಪಟೆ ತಗಡುಗಳು ಒಂದರ ಮೇಲೊಂದು ಸಮಾನಾಂತರವಾಗಿ ಕುಳಿತಿರುತ್ತವೆ, ಶಾಯಿ ಅವುಗಳ ನಡುವಿನ ಸಂದಿಯಲ್ಲಿ ಇಳಿದು ಬರುತ್ತದೆ. 1.5, 2.4, 3.8 ಮತ್ತು 6.0 ಮಿ.ಮೀ. ಅಗಲದವು ಕ್ರಮವಾಗಿ ಕೆಂಪು, ಕಿತ್ತಳೆ, ಹಸಿರು, ನೀಲಿ ಮುಚ್ಚಳದಲ್ಲಿ ಸಿಗುತ್ತವೆ. ಕೊನೆಯ ಮೂರು ನನ್ನಲ್ಲಿವೆ. ಅದ್ದಿ ಬರೆಯುವ ಉಕ್ಕಿನ ನಿಬ್ಬನ್ನು ಮೇಲ್ಮುಖವಾಗಿ ತಳ್ಳಿದರೆ ಅದು ಕಾಗದದ ನಾರಿಗೆ ಸಿಕ್ಕಿ ಶಾಯಿಯನ್ನು ಚಿಮ್ಮಿಸುತ್ತದೆ. ಸುತ್ತಿ ಸುತ್ತಿ ಮೇಲೇರುವ ಗೆರೆಗಳೇ ತುಂಬಿರುವ ನಮ್ಮ ಲಿಪಿಗೆ ಅದು ದೊಡ್ಡ ತೊಡಕು. ಪ್ಯಾರಲಲ್ ಪೆನ್ ಹಗುರವಾಗಿ ಹಿಡಿದರೆ ಮೇಲಕ್ಕೂ ಸಲೀಸಾಗಿ ಸಾಗುತ್ತದೆ, ಮೊನೆಯ ಮೂಲೆಯನ್ನು ಮಾತ್ರ ತಾಗಿಸಿದರೆ ಕೂದಲೆಳೆಯಂಥ ಗೆರೆಯೂ ಬರುತ್ತದೆ. ನನ್ನ ಮಟ್ಟಿಗೆ ಇದನ್ನು ಕೊಳ್ಳಲು ಈ ಒಂದು ಕಾರಣವೇ ಸಾಕು.

ಆದರೆ ಯಾವ ಅಗಲವನ್ನು ಮೊದಲು ಕೊಳ್ಳಬೇಕು ಎಂಬಲ್ಲಿ ನಾನು ಎಡವಿದೆ. ಅಕ್ಷರದ ಎತ್ತರ ಮೊನೆಯ ಅಗಲದ ಐದು ಪಟ್ಟು ಇರಲಿ ಎಂಬುದು ರೂಢಿಯ ಲೆಕ್ಕ, 3.8ರಲ್ಲಿ ಅದು 19 ಮಿ.ಮೀ. ಆಗುತ್ತದೆ. ‘ರಾಷ್ಟ್ರೀಯ’ ಎಂದು ಬರೆಯಹೊರಟರೆ ಕೆಳಗಿನ ಎರಡು ಒತ್ತುಗಳಿಗೆ ಇನ್ನೂ ನಾಲ್ಕು ಪಟ್ಟು ಜಾಗ ಬಿಡಬೇಕು, ಮೇಲೆ ಗುಡಿಸಿಗೆ ಒಂದು ಪಟ್ಟು ಬೇಕು. ಹೀಗೆ ಲೆಕ್ಕ ಹಾಕಿದರೆ ಎ4 ಹಾಳೆಯಲ್ಲಿ ಏಳು ಸಾಲು ಹಿಡಿಸುವುದೇ ಹೆಚ್ಚು. ದಿನದ ಅಭ್ಯಾಸಕ್ಕೆ 2.4 ಸರಿಯಾದದ್ದು ಎಂದು ತಿಳಿಯುವಷ್ಟರಲ್ಲಿ ಒಂದು ರೀಮಿನ ಹೆಚ್ಚಿನ ಪಾಲು ಮುಗಿದಿತ್ತು. 6.0 ಫಲಕ ಬರೆಯುವವರಿಗೆ ಮಾತ್ರ.

ಬರೆಯುವ ಸಾಲಿಗೆ ಮೊನೆಯ ಅಂಚನ್ನು ಹಿಡಿಯುವ ಕೋನಕ್ಕಾಗಿಯೇ ಮೊದಲ ಆರು ತಿಂಗಳು ಹೋದವು. ರೋಮನ್ ಅಕ್ಷರಗಳಿಗೆ ಹೇಳಿಕೊಡುವ 30 ಡಿಗ್ರಿಯಲ್ಲಿ ಹಿಡಿದರೆ ಅಡ್ಡಗೆರೆಯ ದಪ್ಪ ಮೊನೆಯ ಅಗಲದ ಅರ್ಧಕ್ಕೆ ಇಳಿದು, ಲಂಬಗೆರೆ ಹೆಚ್ಚುಕಡಿಮೆ ಪೂರ್ತಿ ದಪ್ಪವಾಗಿ ಉಳಿಯುತ್ತದೆ. ಅಡ್ಡಗಲಕ್ಕೆ ಹರಡಿಕೊಳ್ಳುವ ಕನ್ನಡದ ಅಕ್ಷರ ಆಗ ಸೊರಗಿದಂತೆ ಕಾಣುತ್ತದೆ. 45 ಡಿಗ್ರಿಗೆ ತಿರುಗಿಸಿದಾಗ ಅಡ್ಡಗೆರೆ, ಲಂಬಗೆರೆ ಎರಡೂ ಸಮವಾದವು, ಬಲಕ್ಕೆ ಮೇಲೇರುವ ತಲಕಟ್ಟಿನ ಬಾಲ ತಾನಾಗಿಯೇ ತೆಳ್ಳಗಾಯಿತು. ಸೊನ್ನೆಯೊಂದನ್ನು ಬರೆದು ಇದನ್ನು ಪರೀಕ್ಷಿಸುವುದು ಸುಲಭ: ಮೇಲಿನ ಎಡಭಾಗ ಮತ್ತು ಕೆಳಗಿನ ಬಲಭಾಗ ತೆಳುವಾಗಿ, ಉಳಿದೆರಡು ಕಡೆ ದಪ್ಪವಾಗಿ ಬಂದರೆ ಕೈ ಅಲುಗಿಲ್ಲವೆಂದು ಅರ್ಥ. ವಟ್ರಸುಳಿಯಲ್ಲಿ ಮಾತ್ರ ನನ್ನ ಕೈ ಇಂದಿಗೂ ಅಲುಗುತ್ತದೆ.

ಜೂನ್ ಬಂದರೆ ಸಮಸ್ಯೆ ಕಾಗದದ್ದು. ಬೇಸಿಗೆಯಲ್ಲಿ ಅಚ್ಚುಕಟ್ಟಾಗಿ ನಿಲ್ಲುತ್ತಿದ್ದ ಗೆರೆ, ಜುಲೈ-ಆಗಸ್ಟ್‌ನ ಕೊಡವ ತಿಂಗಳಾದ ಕಕ್ಕಡದ ಮಳೆಯಲ್ಲಿ ಅದೇ 75 ಗ್ರಾಮಿನ (ಚದರ ಮೀಟರಿಗೆ ಅಷ್ಟು ತೂಗುವ) ಜೆರಾಕ್ಸ್ ಹಾಳೆಯ ಮೇಲೆ ಬೇರು ಬಿಟ್ಟಂತೆ ಹರಡುತ್ತದೆ. ಪೆನ್ನನ್ನು ದೂರುವ ಮೊದಲು ಹಾಳೆಯನ್ನು ಒಣಗಿಸಿ ನೋಡಬೇಕು. ಬಟ್ಟೆಗೆ ಬೂಷ್ಟು ಹಿಡಿಯದಿರಲೆಂದು ಬಲ್ಬ್ ಉರಿಸಿಡುವ ಕಪಾಟಿನಲ್ಲಿ, ಮನೆಯವರ ಗೊಣಗಾಟದ ನಡುವೆಯೇ, ನಾನು ಒಂದು ಖಾನೆಯನ್ನು ಕಾಗದಕ್ಕೆ ಬಿಡಿಸಿಕೊಂಡಿದ್ದೇನೆ. 100 ಗ್ರಾಮಿನ ನಯವಾದ ಹಾಳೆಯನ್ನು ಅಲ್ಲಿಟ್ಟು ಬಳಸಿದರೆ ಜುಲೈನಲ್ಲೂ ಬರೆಯಬಹುದು. ಪೆನ್ನಿನ ಜೊತೆ ಬರುವ ಶಾಯಿ ನೀರಿಗೆ ಕರಗುವಂಥದ್ದು ಎಂಬುದನ್ನು ಮರೆತು, ನಾಮಕರಣದ ಕರೆಯೋಲೆಗಳ ಲಕೋಟೆಗಳ ಮೇಲೆ ಅದರಲ್ಲೇ ವಿಳಾಸ ಬರೆದೆ. ಜೀಪಿನಿಂದ ಇಳಿದು ಮನೆಬಾಗಿಲು ಸೇರುವಷ್ಟರಲ್ಲಿ ಹೆಸರುಗಳೆಲ್ಲ ಮಡ್ಡಿಯಾಗಿದ್ದವು.

ಜಲನಿರೋಧಕವೆಂದು ಅರಗು ಬೆರೆತ ಇಂಡಿಯನ್ ಇಂಕನ್ನು ಇದಕ್ಕೆ ತುಂಬುವುದೂ ತಪ್ಪು, ಅದು ತಗಡುಗಳ ನಡುವೆ ಒಣಗಿ ಗಟ್ಟಿಯಾಗುತ್ತದೆ. ಖಾಲಿಯಾದ ಶಾಯಿಕೊಳವೆಗೆ (ಕಾರ್ಟ್ರಿಜ್) ಸಿರಿಂಜಿನಿಂದ ಸಾಮಾನ್ಯ ಫೌಂಟನ್ ಪೆನ್ ಶಾಯಿ ತುಂಬಿಕೊಂಡರೆ ಖರ್ಚು ಬಹಳ ಇಳಿಯುತ್ತದೆ. ಶಾಯಿ ಕಟ್ಟಿಕೊಂಡಾಗ ಪೊಟ್ಟಣದಲ್ಲಿರುವ ತೆಳ್ಳನೆಯ ಹಾಳೆಯನ್ನು ಸಂದಿಯಲ್ಲಿ ಒಮ್ಮೆ ಎಳೆದರೆ ಸಾಕು. ಎರಡು ಪೆನ್ನುಗಳ ಮೊನೆಯನ್ನು ತಾಗಿಸಿ ಬಣ್ಣದಿಂದ ಬಣ್ಣಕ್ಕೆ ಜಾರುವ ಅಕ್ಷರ ಬರೆಯುವ ವಿದ್ಯೆ ಒಂದು ವಾರ ಚೆನ್ನಾಗಿತ್ತು.

ನಡುವೆ ತೋಟದ ಬಿದಿರನ್ನು ಓರೆಯಾಗಿ ಕೆತ್ತಿ ನಾನೇ ಲೇಖನಿ ಮಾಡಿ, ಗಟ್ಟಿ ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಬರೆದೆ. ಕಂದು ಬಣ್ಣ ಸೊಗಸಾಗಿತ್ತು. ಆದರೆ ನಾಲ್ಕು ಅಕ್ಷರಕ್ಕೊಮ್ಮೆ ಅದ್ದಬೇಕು, ಮಳೆಗಾಲದಲ್ಲಿ ಲೇಖನಿಗೂ ಬೂಷ್ಟು ಹಿಡಿಯುತ್ತದೆ. ಈ ವರ್ಷದ ಸುಗ್ಗಿಹಬ್ಬ ಹುತ್ತರಿಯ ಶುಭಾಶಯ ಪತ್ರಗಳನ್ನು 2.4ರಲ್ಲೇ ಬರೆಯಲಿದ್ದೇನೆ, ಲಕೋಟೆಗೆ ಮಾತ್ರ ಬಾಲ್ ಪೆನ್.